ಹದಿನಾಲ್ಕರ ಓದುಗನಿಗೆ ಯಾವ ಪುಸ್ತಕ?

ಭಾನುವಾರ ಬೆಳಗ್ಗೆ ಎರಡು ಗಂಟೆ ಹೊತ್ತು ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಕುಳಿತಿರುವ ಅಭ್ಯಾಸ ನನಗೆ ಕೆಲವು ವರ್ಷಗಳಿಂದ ಬಂದಿದೆ. ಅಲ್ಲಿ ನನಗೆ ಯಾವ ಹುದ್ದೆಯೂ ಇಲ್ಲ. ಕಾಲೇಜಿನಲ್ಲಿ ಕನ್ನಡ ಹೇಳುವ ಮೇಷ್ಟ್ರು ಎಂದು ತಿಳಿದಿದ್ದ ಗ್ರಂಥಪಾಲಕರು ಒಮ್ಮೆ, “ಹೈಸ್ಕೂಲು ಹುಡುಗರು ಬಂದು ಯಾವ ಪುಸ್ತಕ ಓದಲಿ ಅಂತ ಕೇಳುತ್ತಾರೆ, ನನಗೆ ಹೇಳೋಕೆ ಆಗೋದಿಲ್ಲ, ನೀವು ಸ್ವಲ್ಪ ನೋಡಿಕೊಳ್ಳಿ” ಎಂದರು. ಇದೇನು ಮಹಾ ಕೆಲಸ ಎಂದುಕೊಂಡೆ. ಇಪ್ಪತ್ತು ವರ್ಷ ಸಾಹಿತ್ಯವನ್ನು ಪಾಠ ಹೇಳಿದವನಿಗೆ ಒಂದು ಪುಸ್ತಕದ ಹೆಸರು ಹೇಳುವುದು ಕಷ್ಟವೆ? ಕಷ್ಟವೆಂಬುದು ಮೊದಲ ಭಾನುವಾರವೇ ಗೊತ್ತಾಗಬೇಕಾಗಿತ್ತು. ಗೊತ್ತಾದದ್ದು ಮಾತ್ರ ಬಹಳ ತಡವಾಗಿ.

ಅಂದು ಬಂದವನು ಒಂಬತ್ತನೆಯ ತರಗತಿಯ ಹುಡುಗ. ಹದಿನಾಲ್ಕು ವರ್ಷವಿರಬಹುದು. ಮೀಸೆ ಮೂಡುವ ಜಾಗದಲ್ಲಿ ಒಂದು ನೆರಳು, ಒಡೆದ ದನಿ, ಎಲ್ಲಿಡಬೇಕೆಂದು ತಿಳಿಯದ ಕೈಗಳು. “ಸಾರ್, ಒಂದು ಒಳ್ಳೇ ಪುಸ್ತಕ ಹೇಳಿ” ಎಂದ. ನಾನು ಹಿಂದುಮುಂದು ನೋಡದೆ ಕಪಾಟಿನಿಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತೆಗೆದು ಅವನ ಕೈಯಲ್ಲಿಟ್ಟೆ. ಅದು 1967ರಲ್ಲಿ ಬಂದ ಕಾದಂಬರಿ, ಆರು ನೂರು ಪುಟಗಳಿಗೂ ಮಿಕ್ಕದ್ದು, ಕನ್ನಡದ ಹೆಮ್ಮೆ. ಅವನಿಗೆ ಇದನ್ನೆಲ್ಲ ಹತ್ತು ನಿಮಿಷ ವಿವರಿಸಿದೆನೆಂದೂ ನೆನಪು. ಹುಡುಗ ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು ಹೋದ. ಮೂರೇ ದಿನಕ್ಕೆ ಹಿಂದಿರುಗಿಸಿದನಂತೆ. ಮುಂದಿನ ಭಾನುವಾರ ರಸ್ತೆಯಲ್ಲಿ ಸಿಕ್ಕಾಗ, “ಹೇಗಿತ್ತಪ್ಪ?” ಎಂದೆ. “ಚೆನ್ನಾಗಿದೆ ಸಾರ್” ಎಂದ. ಆಮೇಲೆ ಅವನು ಗ್ರಂಥಾಲಯಕ್ಕೆ ಬರಲಿಲ್ಲ.

ತಪ್ಪು ಪುಸ್ತಕದ್ದಲ್ಲ, ಹುಡುಗನದಂತೂ ಅಲ್ಲವೇ ಅಲ್ಲ. ಅವನು ಕೇಳಿದ್ದು ಒಂದು ಪುಸ್ತಕ. ನಾನು ಕೊಟ್ಟದ್ದು ನನ್ನ ಅಭಿರುಚಿಗೆ ನಾನೇ ಬರೆದುಕೊಂಡ ಪ್ರಶಸ್ತಿಪತ್ರ. ಅವನು ಯಾರು, ಇದುವರೆಗೆ ಏನು ಓದಿದ್ದಾನೆ, ಯಾವುದನ್ನು ಅರ್ಧಕ್ಕೆ ಬಿಟ್ಟಿದ್ದಾನೆ, ರಾತ್ರಿ ನಿದ್ರೆ ಬಾರದಾಗ ಏನು ಯೋಚಿಸುತ್ತಾನೆ ಎಂಬ ಒಂದು ಪ್ರಶ್ನೆಯನ್ನೂ ನಾನು ಕೇಳಲಿಲ್ಲ. ವೈದ್ಯನಾದವನು ನಾಡಿ ಹಿಡಿಯದೆ ಮದ್ದು ಕೊಟ್ಟರೆ ನಾವು ಒಪ್ಪುತ್ತೇವೆಯೆ? ಪುಸ್ತಕದ ವಿಷಯದಲ್ಲಿ ಮಾತ್ರ ಹಿರಿಯರಾದ ನಾವೆಲ್ಲ ದಿನವೂ ಇದನ್ನೇ ಮಾಡುತ್ತಿದ್ದೇವೆ.

ಈ ವಯಸ್ಸಿನ ಓದುಗನ ಕಷ್ಟವೆಂದರೆ ಕನ್ನಡದ ಕಪಾಟಿನಲ್ಲಿ ಅವನಿಗೊಂದು ಹಲಗೆ ಇಲ್ಲ. ಚಿಕ್ಕ ಮಕ್ಕಳಿಗೆ ನಾವು ಬಡವರಲ್ಲ. ಪಂಜೆಯವರು, ರಾಜರತ್ನಂ, ಹೊಯ್ಸಳರು ಹಾಡಿ ಕುಣಿಸಿದ ಮಕ್ಕಳಿಗೆ ಲೆಕ್ಕವಿಲ್ಲ. ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಎಷ್ಟೋ ಮನೆಗಳಲ್ಲಿ ಮಲಗುವ ಹೊತ್ತಿನ ನೇಮವಾಗಿತ್ತು. ಇನ್ನು ದೊಡ್ಡವರಿಗಂತೂ ಕಾದಂಬರಿ ಕಾವ್ಯಗಳು ಬೇಕಾದಷ್ಟಿವೆ. ನಡುವೆ, ಹದಿಮೂರರಿಂದ ಹದಿನೆಂಟರವರೆಗೆ, ಒಂದು ಬಯಲು. ಈ ಬಯಲಿಗೆ ಬಂದ ಹುಡುಗನಿಗೆ ಕಿನ್ನರಿಯ ಕತೆ ಕೊಟ್ಟರೆ ಅವಮಾನವಾಗುತ್ತದೆ, ಬೃಹತ್ ಕಾದಂಬರಿ ಕೊಟ್ಟರೆ ದಿಗಿಲಾಗುತ್ತದೆ. ಅವನು ಇಂಗ್ಲಿಷಿನ ಕಪಾಟಿಗೆ ಹೋಗುತ್ತಾನೆ, ಅಲ್ಲಿ ಅವನ ವಯಸ್ಸಿನ ಹೆಸರು ಬರೆದ ಹಲಗೆಯೇ ಇರುತ್ತದೆ. ಅದೂ ಒಗ್ಗದಿದ್ದರೆ ಕೈಯಲ್ಲಿನ ದೂರವಾಣಿ ಇದ್ದೇ ಇದೆ. ಕನ್ನಡ ಓದುವವರು ಕಡಿಮೆಯಾದರು ಎಂದು ವೇದಿಕೆಗಳ ಮೇಲೆ ನಾವು ಮರುಗುತ್ತೇವಲ್ಲ, ಅವರು ಕಡಿಮೆಯಾಗುವುದು ಈ ನಾಲ್ಕೈದು ವರ್ಷಗಳ ಬಯಲಿನಲ್ಲಿಯೇ ಎಂದು ನನಗೆ ತೋರುತ್ತದೆ.

ಇಂಗ್ಲಿಷಿನ ಆ ಹಲಗೆಯೂ ತಾನಾಗಿ ಹುಟ್ಟಿದ್ದಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಈನಾಕ್ ಪ್ರ್ಯಾಟ್ ಗ್ರಂಥಾಲಯದಲ್ಲಿ ಮಾರ್ಗರೆಟ್ ಎಡ್ವರ್ಡ್ಸ್ ಎಂಬಾಕೆ 1930ರ ದಶಕದಲ್ಲಿ ಕೆಲಸಕ್ಕೆ ಸೇರಿದರು. ಹದಿವಯಸ್ಸಿನ ಓದುಗರಿಗೆ ಪುಸ್ತಕ ಹೇಳುವುದನ್ನೇ ಆಕೆ ಒಂದು ವೃತ್ತಿಧರ್ಮವನ್ನಾಗಿ ಮಾಡಿದರು. ಗ್ರಂಥಾಲಯಕ್ಕೆ ಬಾರದವರ ಬಳಿಗೆ 1940ರ ದಶಕದಲ್ಲಿ ಕುದುರೆಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಹೋದರು. ತಮ್ಮ ಕೈಕೆಳಗಿನ ಸಹಾಯಕರಿಗೆ ಆಕೆ ಹಾಕಿದ್ದ ಕಟ್ಟಳೆ ಗಮನಿಸತಕ್ಕದ್ದು: ಹುಡುಗರಿಗೆ ಪುಸ್ತಕ ಹೇಳುವ ಮುನ್ನ ನೂರಾರು ಪುಸ್ತಕಗಳನ್ನು ತಾವೇ ಓದಿರಬೇಕು, ಓದಿದ್ದರ ಬಗೆಗೆ ಮಾತನಾಡಬಲ್ಲವರಾಗಿರಬೇಕು. ಮುಂದೆ 1988ರಲ್ಲಿ ಆಕೆಯ ಹೆಸರಿನಲ್ಲೊಂದು ಪ್ರಶಸ್ತಿ ಸ್ಥಾಪನೆಯಾಯಿತು. ಅದನ್ನು ಮೊದಲು ಪಡೆದವರು ಎಸ್. ಇ. ಹಿಂಟನ್. ಆಕೆಯ ‘ದಿ ಔಟ್‌ಸೈಡರ್ಸ್’ ಕಾದಂಬರಿ 1967ರಲ್ಲಿ, ನಮ್ಮ ‘ಮದುಮಗಳು’ ಬಂದ ವರ್ಷವೇ ಬಂದದ್ದು. ಬರೆಯತೊಡಗಿದಾಗ ಹಿಂಟನ್‌ಗೆ ಹದಿನೈದು ವರ್ಷ. ತನ್ನ ವಯಸ್ಸಿನವರ ಬಗೆಗೆ ಸತ್ಯವಾದದ್ದು ಯಾವುದೂ ಸಿಗುತ್ತಿಲ್ಲವೆಂದು ತಾನೇ ಬರೆಯಲು ಕುಳಿತವಳು.

ಪುಸ್ತಕವನ್ನು ಹೊತ್ತು ಓದುಗನ ಬಳಿಗೆ ಹೋಗುವುದು ನಮಗೆ ಹೊಸದೇನೂ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ಅಲೆದು ಮಾರಿದ್ದನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಓದುಗನನ್ನು ಅವನಿಗೆ ತಕ್ಕ ಪುಸ್ತಕದೊಡನೆ ಕೂಡಿಸುವುದೇ ಗ್ರಂಥಾಲಯದ ಧರ್ಮವೆಂದು 1931ರಷ್ಟು ಹಿಂದೆಯೇ ಸೂತ್ರ ಬರೆದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. ನಮ್ಮ ರಾಜ್ಯಕ್ಕೆ 1965ರಿಂದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯೇ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾಯಿತು. ಇದು ಮೆಚ್ಚಬೇಕಾದ ಕೆಲಸ, ಸಂದೇಹವಿಲ್ಲ. ಆದರೆ ಅದರಲ್ಲಿಯೂ ಆರು ವರ್ಷದಿಂದ ಹದಿನೆಂಟರವರೆಗಿನವರೆಲ್ಲ ‘ಮಕ್ಕಳು’. ಆರು ವರ್ಷದವಳೂ ಮುಂದಿನ ಚುನಾವಣೆಗೆ ಮತ ಹಾಕಲಿರುವವನೂ ಒಂದೇ ಚಾಪೆಯ ಮೇಲೆ ಕುಳಿತು ಏನು ಓದಿಯಾರು?

ಹೀಗಿರುವಾಗ ಶಿಫಾರಸಿನ ಪಟ್ಟಿಗಳಿಗೇನೂ ಬರವಿಲ್ಲ. ನಾನು ಕಂಡ ಪಟ್ಟಿಗಳು ಮೂರು ಬಗೆ. ಮೊದಲನೆಯದು ಹಿತೋಪದೇಶದ ಪಟ್ಟಿ. ಮಹಾಪುರುಷರ ಚರಿತ್ರೆ, ಶೀಲ, ಶಿಸ್ತು, ಸಮಯಪಾಲನೆ. ಎರಡನೆಯದು ಪ್ರಶಸ್ತಿಗಳ ಪಟ್ಟಿ. ಜ್ಞಾನಪೀಠ ಬಂದದ್ದು ಇದು, ಅಕಾಡೆಮಿ ಮನ್ನಿಸಿದ್ದು ಅದು. ಮೂರನೆಯದು ಪರೀಕ್ಷೆಯ ಪಟ್ಟಿ. ಓದಿದರೆ ಅಂಕ ಬಂದೀತು, ಸಾಮಾನ್ಯಜ್ಞಾನ ಬೆಳೆದೀತು. ಮೂರಕ್ಕೂ ಸಮಾನವಾದ ಗುಣ ಒಂದಿದೆ: ಓದುವವನು ಇವುಗಳಲ್ಲಿ ಎಲ್ಲಿಯೂ ಇಲ್ಲ. ತಂದೆಯ ಆಸೆ ಇದೆ, ಸಂಸ್ಥೆಯ ಗೌರವ ಇದೆ, ಮೇಷ್ಟರ ಪಾಂಡಿತ್ಯ ಇದೆ. ಹುಡುಗ ಹೊರಗೆ ನಿಂತಿದ್ದಾನೆ. ‘ಮದುಮಗಳು’ ಕೊಟ್ಟ ದಿನ ನಾನು ಒಪ್ಪಿಸಿದ್ದು ಎರಡನೆಯ ಪಟ್ಟಿಯನ್ನು.

ಹಾಗಾದರೆ ಆ ವಯಸ್ಸು ಬೇಡುವುದೇನು? ಸಾಹಸ, ರಹಸ್ಯ, ಪ್ರೇಮ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ಆದರೆ ಎಷ್ಟೋ ಭಾನುವಾರಗಳ ಮಾತುಕತೆಯಿಂದ ನನಗೆ ತಿಳಿದದ್ದು ಇದಕ್ಕಿಂತ ಸರಳವಾದದ್ದು. ಆ ವಯಸ್ಸಿನವರಿಗೆ ತಮ್ಮನ್ನು ನಂಬುವ ಪುಸ್ತಕ ಬೇಕು. ಕತೆ ಮುಗಿದ ಮೇಲೆ ನೀತಿಯನ್ನು ಬಿಡಿಸಿ ಹೇಳುವ ಲೇಖಕನು ಓದುಗನನ್ನು ನಂಬಿಲ್ಲ ಎಂಬುದು ಅವರಿಗೆ ಥಟ್ಟನೆ ತಿಳಿಯುತ್ತದೆ. ಜಾತಿ, ಹಣ, ಮೈಯ ಬದಲಾವಣೆ, ಅವಮಾನ, ಸಾವು, ಎಲ್ಲವೂ ಅವರ ಕಣ್ಣಿಗೆ ಬಿದ್ದಿರುತ್ತದೆ. ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ, ಅಷ್ಟೆ. ಆ ವಯಸ್ಸು ಎಷ್ಟು ಕಾಣಬಲ್ಲದು ಎಂಬುದಕ್ಕೆ ಆನ್ ಫ್ರಾಂಕ್ ಸಾಕ್ಷಿ. 1942ರಲ್ಲಿ ಹದಿಮೂರನೆಯ ಹುಟ್ಟುಹಬ್ಬದಂದು ಸಿಕ್ಕಿದ ದಿನಚರಿಯ ಪುಸ್ತಕದಲ್ಲಿ ಆಕೆ ಬರೆದದ್ದನ್ನು ಜಗತ್ತಿನ ಹಿರಿಯರು ಇಂದೂ ಓದುತ್ತಿದ್ದಾರೆ.

ಈ ಅಳತೆಗೋಲನ್ನು ಹಿಡಿದು ನಮ್ಮ ಕಪಾಟನ್ನು ಮತ್ತೊಮ್ಮೆ ನೋಡಿದೆ. ಹಲಗೆ ಇಲ್ಲ ನಿಜ. ಪುಸ್ತಕಗಳು ಪೂರಾ ಇಲ್ಲವೆಂದಲ್ಲ. ಬೇರೆ ಬೇರೆ ಹಲಗೆಗಳಲ್ಲಿ ಚದುರಿವೆ. ಆರಿಸಿ ತಂದು ಒಂದೆಡೆ ಇಡುವವರು ಬೇಕು.

ಎಲ್ಲಕ್ಕೂ ಮೊದಲು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಈ ಸಣ್ಣ ಕಾದಂಬರಿಯನ್ನು ತೇಜಸ್ವಿ ಹುಡುಗರಿಗೆಂದು ಬರೆಯಲಿಲ್ಲ. ಆದರೂ ಹದಿನಾಲ್ಕರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಬಾಗಿಲನ್ನು ನಾನು ಕಾಣೆ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ಪ್ರಕೃತಿತಜ್ಞನನ್ನು ಕಾಣುತ್ತಾರೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗನಿಗೆ ಈ ಒಂದು ಸಂಗತಿ ಎಷ್ಟು ದೊಡ್ಡ ಸಮಾಧಾನವೆಂಬುದು ಮುಂದಿನ ಬೆಂಚಿನಲ್ಲಿ ಕುಳಿತು ಬಂದ ನಮ್ಮಂಥವರಿಗೆ ಬೇಗ ಹೊಳೆಯುವುದಿಲ್ಲ. ಕೊನೆಗೆ ಅಷ್ಟು ದೂರ ಅರಸಿಕೊಂಡು ಹೋದ ಹಾರುವ ಓತಿ ಕೈಗೆ ಸಿಗದೆ ಕಣಿವೆಗೆ ಹಾರಿ ಮರೆಯಾಗುತ್ತದೆ. ಅಲ್ಲಿ ನೀತಿ ಹೇಳುವವರು ಯಾರೂ ಇಲ್ಲ. “ಸಿಗಲೇ ಇಲ್ಲವಲ್ಲ ಸಾರ್?” ಎಂದು ಕೇಳುತ್ತಾ ಬಂದವರು ಹಲವರು. ಹಾಗೆ ಕೇಳಿದವರು ಇನ್ನೊಂದು ಪುಸ್ತಕ ಒಯ್ಯದೆ ಹೋದದ್ದಿಲ್ಲ.

ನಗುವುದರಲ್ಲಿ ಆಸಕ್ತಿಯುಳ್ಳವರಿಗೆ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಪುಸ್ತಕವೆಂದು ಮಾತ್ರ ಹೇಳಬಾರದು, ಹೇಳಿದರೆ ಹುಡುಗರು ಓಡುತ್ತಾರೆ. ಕಾಲೇಜಿನ ಮೇಷ್ಟರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ನೋಡಲು ಕಾಡಿಗೆ ಹೋದ ಕತೆ, ಆ ಮೇಷ್ಟ್ರು ವಿದ್ಯಾರ್ಥಿಗಳಿಗಿಂತ ತುಂಟರು ಎಂದರೆ ಸಾಕು.

ಸಿದ್ಧಲಿಂಗಯ್ಯನವರ ‘ಊರುಕೇರಿ’ಯೂ ನಗಿಸುತ್ತದೆ. ಆದರೆ ಆ ನಗು ಬರುವ ದಾರಿ ಬೇರೆ. ಎತ್ತಿನ ಬದಲು ನೊಗಕ್ಕೆ ಹೆಗಲು ಕೊಟ್ಟ ತಂದೆಯನ್ನು ಕಂಡ ಮಗ ಆ ಕತೆಯನ್ನು ಅಳದೆ ಹೇಳುತ್ತಾನೆ. ನೋವನ್ನು ಹೀಗೂ ಹೇಳಬಹುದೆ ಎಂಬ ಬೆರಗು ಈ ಪುಸ್ತಕದ ಬಹು ದೊಡ್ಡ ಕೊಡುಗೆ. ಇದರ ಜೊತೆಗೆ ದೇವನೂರ ಮಹಾದೇವ ಅವರ ‘ಅಮಾಸ’ ಎಂಬ ಸಣ್ಣಕತೆ. ಅಮಾವಾಸ್ಯೆಯಂದು ಹುಟ್ಟಿದ್ದರಿಂದ ಆ ಹೆಸರು ಪಡೆದ ಅನಾಥ ಹುಡುಗನದು. ಒಂದು ಗಂಟೆಯೊಳಗೆ ಓದಿ ಮುಗಿಸಬಹುದು, ಮರೆಯುವುದಕ್ಕೆ ಮಾತ್ರ ಅಷ್ಟು ಸುಲಭವಲ್ಲ. ದಪ್ಪ ಪುಸ್ತಕಕ್ಕೆ ಹೆದರುವವನಿಗೆ ನಾನು ಮೊದಲು ಕೊಡುವುದು ಇದನ್ನು.

ಕೆಚ್ಚಿನ ಹುಡುಗರಿಗೆ ನಿರಂಜನರ ‘ಚಿರಸ್ಮರಣೆ’. 1955ರ ಕಾದಂಬರಿ. ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಕಯ್ಯೂರಿನ ರೈತರ ಹೋರಾಟದ ಕತೆ. ಆ ಹೋರಾಟದ ನಾಲ್ವರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಿದರು. ಮರಣದಂಡನೆಗೆ ಗುರಿಯಾಗಿದ್ದ ಐದನೆಯವನು ಉಳಿದುಕೊಂಡದ್ದು ಅವನಿಗಿನ್ನೂ ಪ್ರಾಯ ತುಂಬಿರಲಿಲ್ಲ ಎಂಬ ಕಾರಣದಿಂದ. ಇದನ್ನು ಹೇಳಿದಾಗ ಹುಡುಗರ ಮುಖದಲ್ಲಿ ಆಗುವ ಬದಲಾವಣೆಯನ್ನು ನಾನು ನೋಡಿದ್ದೇನೆ. ಕಾದಂಬರಿಯಲ್ಲಿ ಭಾಷಣ ಹೆಚ್ಚಾಯಿತು ಎಂಬ ನನ್ನ ತಕರಾರು ಈಗಲೂ ಇದೆ. ಹದಿನಾರರ ಓದುಗನಿಗೆ ಆ ಭಾಷಣವೇ ಹಿಡಿಸುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ವಿಮರ್ಶಕನ ವಯಸ್ಸಿಗೊಂದು ರುಚಿ, ಓದುಗನ ವಯಸ್ಸಿಗೊಂದು ರುಚಿ.

ಮಕ್ಕಳಿಗೆಂದೇ ಬರೆದವುಗಳಲ್ಲಿ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಇದೆ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕೃತಿ. 2025ರ ಜನವರಿಯಲ್ಲಿ ತೀರಿಕೊಂಡ ಡಿಸೋಜರು ಶರಾವತಿಯ ನೀರಿನಡಿ ಹೋದ ಊರುಗಳ ಮಾತನ್ನು ಜೀವಮಾನವಿಡೀ ಬರೆದವರು. ಮನೆಯ ದೀಪ ಉರಿಯಲು ಯಾರ ಮನೆ ಮುಳುಗಿತು ಎಂಬ ಪ್ರಶ್ನೆಯನ್ನು ಎಳೆಯರ ಮುಂದಿಡಬಹುದೆಂದು ಅವರು ನಂಬಿದರು. ಆ ನಂಬಿಕೆಗಾಗಿಯೇ ಈ ಪುಸ್ತಕ ನನ್ನ ಪಟ್ಟಿಯಲ್ಲಿದೆ. ಹಾಗೆಯೇ ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ ಅವರ ‘ಕೇಳು ಕಿಶೋರಿ’. ಪ್ರಾಯಕ್ಕೆ ಬರುವ ಹುಡುಗಿಯರಿಗೆ ಅವರ ಮೈಯ ಸಂಗತಿಯನ್ನು ಅಂಜಿಕೆಯಿಲ್ಲದೆ ಕನ್ನಡದಲ್ಲಿ ಹೇಳಿದ ಪುಸ್ತಕ. ಇದನ್ನು ಯಾರೂ ನನ್ನ ಕೈಯಿಂದ ಪಡೆದು ಒಯ್ಯುವುದಿಲ್ಲ. ಮೇಜಿನ ತುದಿಯಲ್ಲಿ ಇಟ್ಟು ನಾನು ಆಚೆ ಹೋಗುತ್ತೇನೆ. ಹಿಂದಿರುಗಿ ಬರುವಷ್ಟರಲ್ಲಿ ಪುಸ್ತಕ ಇರುವುದಿಲ್ಲ. ಪುಸ್ತಕ ಹೇಳುವುದರಲ್ಲಿ ಇದೂ ಒಂದು ವಿಧಾನ.

ಇಷ್ಟನ್ನು ಹೇಳಿದ ಮೇಲೆ ಒಂದು ಸೋಲನ್ನೂ ಹೇಳಬೇಕು. ಹನ್ನೊಂದನೆಯ ತರಗತಿಯ ಒಬ್ಬಳಿಗೆ ಅನಂತಮೂರ್ತಿಯವರ ‘ಘಟಶ್ರಾದ್ಧ’ ಕೊಟ್ಟಿದ್ದೆ. ವೇದ ಕಲಿಯಲು ಬಂದ ಹುಡುಗನೊಬ್ಬನ ಕಣ್ಣಿನಿಂದ ಹೇಳಿದ ಕತೆ. ಗರ್ಭಿಣಿಯಾದ ತರುಣ ವಿಧವೆಗೆ ಅವಳ ಸ್ವಂತ ತಂದೆಯೇ, ಬದುಕಿರುವಾಗಲೇ, ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುತ್ತಾನೆ. ಅವಳನ್ನು ಅಕ್ಕನೆಂದು ಹಚ್ಚಿಕೊಂಡ ಹುಡುಗ ನೋಡುತ್ತಾನೆ, ಏನೂ ಮಾಡಲಾರ. ಕಂಡೂ ಏನೂ ಮಾಡಲಾಗದ ವಯಸ್ಸು ಅದು. ಅದನ್ನು ಅಷ್ಟು ನಿಷ್ಠುರವಾಗಿ ಬರೆದ ಕತೆ ನಮ್ಮಲ್ಲಿ ಇನ್ನೊಂದಿಲ್ಲ. ಮರುವಾರ ಅವಳ ತಂದೆ ಬಂದರು. “ಇಂಥದ್ದನ್ನೆಲ್ಲ ಮಗುವಿನ ಕೈಗೆ ಕೊಡಬಹುದೆ ಸ್ವಾಮಿ?” ಎಂದರು. ಕೋಪದಿಂದಲ್ಲ, ನಿಜವಾದ ಕಳವಳದಿಂದ. ನಾನು ವಾದ ಮಾಡಿದೆ. ಕತೆ 1977ರಲ್ಲಿ ಚಲನಚಿತ್ರವಾಗಿ ಮನ್ನಣೆ ಪಡೆದದ್ದನ್ನು ಹೇಳಿದೆ. ಯಾವುದನ್ನು ಹೇಳಬೇಕಾಗಿತ್ತೋ ಅದನ್ನು ಮಾತ್ರ ಹೇಳಲಿಲ್ಲ: “ನೀವೂ ಓದಿ, ಆಮೇಲೆ ಮಗಳೊಡನೆ ಕುಳಿತು ಮಾತಾಡಿ” ಎಂದು. ಎರಡು ವಾರದಲ್ಲಿ ಆ ಸಂಕಲನವೂ ಅದರೊಡನೆ ಇನ್ನು ಐದಾರು ಪುಸ್ತಕಗಳೂ ಬೀಗ ಹಾಕಿದ ಬೀರುವಿಗೆ ಹೋದುವು. ಯಾರ ಅಪ್ಪಣೆ ಎಂದು ಕೇಳಿದರೆ ಎಲ್ಲರೂ ಮೇಲಕ್ಕೆ ನೋಡಿದರು.

ಆ ತಂದೆಯ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಪುಸ್ತಕಕ್ಕೆ ಹೊತ್ತು ಗೊತ್ತು ಇದೆ. ಎಲ್ಲರಿಗೂ ಎಲ್ಲ ವಯಸ್ಸಿನಲ್ಲಿಯೂ ಎಲ್ಲವೂ ಎಂಬ ವಾದ ನನ್ನದಲ್ಲ. ಆದರೆ ಬೀಗದಿಂದ ಹೊತ್ತು ಗೊತ್ತು ತೀರ್ಮಾನವಾಗುವುದಿಲ್ಲ. ಇದೇ ಹುಡುಗಿಯ ಕೈಯಲ್ಲಿರುವ ದೂರವಾಣಿಗೆ ಯಾವ ಬೀರುವೂ ಇಲ್ಲ. ಅಲ್ಲಿ ಅವಳು ಒಬ್ಬಳೇ ನೋಡುತ್ತಾಳೆ, ಕೇಳುವುದಕ್ಕೆ ಯಾರೂ ಇರುವುದಿಲ್ಲ. ಒಳ್ಳೆಯ ಕತೆಯಲ್ಲಿ ಕಡೆಯ ಪಕ್ಷ ಲೇಖಕನಾದರೂ ಜೊತೆಗಿರುತ್ತಾನೆ.

ಆ ಹುಡುಗಿ ಬರುವುದನ್ನು ನಿಲ್ಲಿಸಲಿಲ್ಲ. ಅದು ಅವಳ ದೊಡ್ಡತನ. ಮುಂದಿನ ಸಲ ತಂದೆಯೂ ಒಪ್ಪುವಂಥದ್ದು ಎಂದು ‘ಕರ್ವಾಲೊ’ ಕೊಟ್ಟೆ. ಓದಿ ಬಂದು, “ತುಂಬಾ ಚೆನ್ನಾಗಿದೆ ಸಾರ್” ಎಂದಳು. ನಾನು ಹಿಗ್ಗಿದೆ. ಅವಳು ಸ್ವಲ್ಪ ತಡೆದು, “ಆದರೆ ಓತಿ ಹುಡುಕೋಕೆ ಹೋದವರಲ್ಲಿ ಒಬ್ಬ ಹುಡುಗಿಯೂ ಇಲ್ಲ. ನಾಯಿ ಕೂಡ ಹೋಗಿದೆ” ಎಂದಳು.

‘ಕರ್ವಾಲೊ’ವನ್ನು ನಾನು ಎಷ್ಟು ಸಲ ಓದಿದ್ದೇನೆ, ಎಷ್ಟು ತರಗತಿಗೆ ಪಾಠ ಹೇಳಿದ್ದೇನೆ! ಪೂರ್ವ ಪಶ್ಚಿಮ, ವಿಜ್ಞಾನ ಅಧ್ಯಾತ್ಮ, ವಿಕಾಸವಾದ, ಎಲ್ಲವನ್ನೂ ಹೇಳಿದ್ದೇನೆ. ಆ ತಂಡದಲ್ಲಿ ಹುಡುಗಿಯಿಲ್ಲವೆಂಬುದು ನನಗೆ ಕಂಡಿರಲಿಲ್ಲ. ಅವಳಿಗೆ ಬೇರೆ ಏನು ಕೊಡಲಿ ಎಂದು ಯೋಚಿಸುತ್ತಾ ಹೋದಂತೆ ನನ್ನ ಪಟ್ಟಿಯ ಬಡತನ ತಿಳಿಯತೊಡಗಿತು. ಅವಳ ವಯಸ್ಸಿನ ಹೆಣ್ಣು ನಮ್ಮ ದೊಡ್ಡ ಕೃತಿಗಳಲ್ಲಿ ಇದ್ದಾಳೆ, ಆದರೆ ಹೇಗಿದ್ದಾಳೆ? ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರ ಅಪರೂಪದ ಕಾದಂಬರಿ. ಅಲ್ಲಿನ ಹುಡುಗಿ ಮದುವೆಯೆಂದರೇನೆಂದು ತಿಳಿಯುವ ಮುನ್ನ ವಿಧವೆ, ಮೈನೆರೆದೊಡನೆ ಕೇಶಮುಂಡನ. ‘ಘಟಶ್ರಾದ್ಧ’ದ ಯಮುನೆಯ ಪಾಡನ್ನು ಆಗಲೇ ಹೇಳಿದೆ. ತ್ರಿವೇಣಿಯವರ ನಾಯಕಿಯರ ಮನಸ್ಸಿನ ಬೇನೆಯನ್ನು ನಮ್ಮ ತಾಯಂದಿರು ಕಣ್ಣೀರಿಟ್ಟು ಓದಿದರು. ಎಲ್ಲವೂ ಸತ್ಯವಾದ ಪುಸ್ತಕಗಳು, ಓದಲೇಬೇಕಾದವು. ಆದರೆ ಒಂದಾದ ಮೇಲೊಂದರಂತೆ ಇವನ್ನೇ ಕೊಟ್ಟರೆ ಹದಿನಾರರ ಹುಡುಗಿಗೆ ಸಾಹಿತ್ಯ ಹೇಳಿದಂತಾಗುವುದೇನು? ಹುಡುಗರು ಕಾಡಿಗೆ ಹೋಗುತ್ತಾರೆ, ನೀನು ಸಹಿಸಿಕೊ ಎಂದಲ್ಲವೆ?

ಅಂದು ರಾತ್ರಿ ನನಗೆ ತಟ್ಟನೆ ನೆನಪಾಯಿತು. ಕಾಡಿಗೆ ಹೋದ ಹುಡುಗಿ ನಮ್ಮಲ್ಲಿ ಇದ್ದಾಳೆ. ಒಲ್ಲದ ಮದುವೆಯಿಂದ ತಪ್ಪಿಸಿಕೊಳ್ಳಲು ಮನೆ ಬಿಟ್ಟು ಮಲೆನಾಡಿನ ರಾತ್ರಿಯ ಕಾಡಿಗೆ ನಡೆದ ಚಿನ್ನಮ್ಮ. ಎಲ್ಲಿ? ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ! ಆ ಒಂಬತ್ತನೆಯ ತರಗತಿಯ ಹುಡುಗನನ್ನು ಓಡಿಸಿದ್ದ ಅದೇ ಪುಸ್ತಕದಲ್ಲಿ. ನಾನು ಅವನಿಗೆ ಹತ್ತು ನಿಮಿಷ ಮಾತನಾಡಿದ್ದೆನಲ್ಲ, ಅದರಲ್ಲಿ ‘ಮಹಾಕಾವ್ಯದ ವ್ಯಾಪ್ತಿ’ ಇತ್ತು, ‘ಸಮಗ್ರ ದರ್ಶನ’ ಇತ್ತು. ಚಿನ್ನಮ್ಮ ಇರಲಿಲ್ಲ, ನಾಯಿಗುತ್ತಿ ಇರಲಿಲ್ಲ, ಅವನ ನಾಯಿ ಹುಲಿಯನೂ ಇರಲಿಲ್ಲ. ವಿಮರ್ಶೆಯ ಮಾತುಗಳನ್ನು ಅಷ್ಟು ಎತ್ತರ ಪೇರಿಸಿ ಅದರ ಹಿಂದೆ ಪುಸ್ತಕವನ್ನೇ ನಾನು ಮರೆಮಾಡಿದ್ದೆ. ಕಪಾಟಿನ ಬಡತನ ಅರ್ಧ, ನನ್ನ ನೆನಪಿನ ಬಡತನ ಇನ್ನರ್ಧ.

ಮರುವಾರ ಆ ಹುಡುಗಿಗೆ ಪುಸ್ತಕ ಕೊಡುವಾಗ ಒಂದೇ ಮಾತು ಹೇಳಿದೆ: “ಇದರಲ್ಲಿ ಒಬ್ಬಳು ರಾತ್ರಿ ಕಾಡಿಗೆ ಹೋಗುತ್ತಾಳೆ. ಎಲ್ಲಿ ಎಂದು ಹುಡುಕು.” ಮೂರು ವಾರ ಅವಳು ಬರಲಿಲ್ಲ. ಹಳೆಯ ಕತೆಯೇ ಆಯಿತೇನೋ ಎಂದು ಹೆದರಿದೆ. ನಾಲ್ಕನೆಯ ವಾರ ಪುಸ್ತಕದೊಡನೆ ಬಂದಳು. ಅರ್ಧ ದಾಟಿತ್ತಂತೆ. ಚಿನ್ನಮ್ಮನ ಭಾಗವನ್ನು ಮೊದಲೇ ಹುಡುಕಿ ಎರಡು ಸಲ ಓದಿದ್ದಳಂತೆ. ಹೇಗಿದೆ ಎಂದು ನಾನು ಕೇಳುವ ಮೊದಲೇ ಹೇಳಿದಳು: “ಧೈರ್ಯದವಳು ಸಾರ್. ಆದರೆ ಅವಳೂ ಹೋಗಿದ್ದು ಮದುವೆ ವಿಷಯಕ್ಕೇ. ಓತಿ ನೋಡೋಕೆ ಅಲ್ಲ.”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಯಾರ ಕಪಾಟಿನಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಬೇಕು. ಅವಳಿಗೆ ನಿಜವನ್ನೇ ಹೇಳಿದೆ: “ನೀನು ಕೇಳುವ ಪುಸ್ತಕ ನನಗೆ ಗೊತ್ತಿರುವ ಕನ್ನಡದಲ್ಲಿ ಇಲ್ಲಮ್ಮ.” ನಾನು ಅಷ್ಟು ಭಾನುವಾರಗಳಲ್ಲಿ ಮಾಡಿದ ಅತ್ಯುತ್ತಮ ಶಿಫಾರಸು ಪ್ರಾಯಶಃ ಆ ಇಲ್ಲವೆಂಬ ಮಾತೇ ಇರಬೇಕು. ಯಾಕೆಂದರೆ ಅವಳು ಬೇಸರಪಡಲಿಲ್ಲ. ಉಳಿದರ್ಧ ಓದಬೇಕೆಂದು ಪುಸ್ತಕವನ್ನು ಮತ್ತೆ ಬರೆಸಿಕೊಂಡು ಹೋದಳು.

ಪುಸ್ತಕ ಹೇಳುವುದೆಂದರೆ ಬಾಯಿಯ ಕೆಲಸವೆಂದು ತಿಳಿದಿದ್ದೆ. ಅದು ಕಿವಿಯ ಕೆಲಸ. ಕೊಟ್ಟ ಪುಸ್ತಕ ಹಿಂದಿರುಗಿ ಬರುವಾಗ ಅದರ ಜೊತೆಗೆ ಒಂದು ಮಾತೂ ಬರುತ್ತದೆ. ಆ ಮಾತನ್ನು ಕೇಳಿಸಿಕೊಳ್ಳುವವನಿಗೆ ಮಾತ್ರ ಮುಂದಿನ ಪುಸ್ತಕ ಹೇಳುವ ಅಧಿಕಾರ. “ಚೆನ್ನಾಗಿದೆ ಸಾರ್” ಎಂಬುದು ಆ ಮಾತಲ್ಲ, ಅದು ಬಾಗಿಲು ಮುಚ್ಚಿದ ಸದ್ದು. ಆದುದರಿಂದ ಗ್ರಂಥಾಲಯದವರಿಗೂ ನನ್ನಂಥ ಮೇಷ್ಟರಿಗೂ ತಾಯಿತಂದೆಯರಿಗೂ ನನ್ನ ಕೋರಿಕೆ ಚಿಕ್ಕದು. ತಾನು ಓದದ ಪುಸ್ತಕವನ್ನು ಯಾರೂ ಹುಡುಗರಿಗೆ ಹೇಳಬಾರದು. ಅರ್ಧ ಓದಿ ಹಿಂದಿರುಗಿಸಿದವನನ್ನು ಗದರಬಾರದು, ಎಲ್ಲಿ ನಿಲ್ಲಿಸಿದೆ ಎಂದು ಮಾತ್ರ ಕೇಳಬೇಕು. ಮತ್ತು ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿರಬೇಕು, ಓದಿದವರು ಹೆಸರು ಹಾಕದೆ ತಮಗೆ ತೋಚಿದ್ದನ್ನು ಬರೆಯಲಿಕ್ಕೆ.

ನಮ್ಮಲ್ಲಿ ಈಗ ಅಂಥದೊಂದು ನೋಟುಪುಸ್ತಕವಿದೆ. ಅದರಲ್ಲಿ ನನ್ನ ಶಿಫಾರಸುಗಳ ಬಗೆಗೆ ಹೊಗಳಿಕೆಗಿಂತ ತಕರಾರುಗಳೇ ಹೆಚ್ಚು. ಓದಿದಾಗಲೆಲ್ಲ ಆ ಮೊದಲ ಹುಡುಗ ನೆನಪಾಗುತ್ತಾನೆ. ಅವನು ಬಂದು ಎರಡು ಸಾಲು ಬೈದು ಬರೆದು ಹೋದರೂ ನನಗೆ ಸಂತೋಷವೇ. ಅವನ ಕೈಗೆ ಈ ಸಲ ‘ಅಮಾಸ’ ಕೊಡಬೇಕೆಂದಿದ್ದೇನೆ. ಇಲ್ಲ, ಮೊದಲು ಅವನನ್ನು ಕೇಳಬೇಕು.